ಮೂಗಯ್ಯನ ಗಾಳ, ಕಂಪನಿಯ ಬಾಕಿ

ಮೇಟಗಳ್ಳಿಯ ಒಂದು ಎರಕದ ಕಾರ್ಖಾನೆ ಮೂಗಯ್ಯನಿಗೆ ಹತ್ತು ಬೆರಳು ಬಾಕಿ ಕೊಡಬೇಕು. ಇವತ್ತಿಗೂ ಕೊಟ್ಟಿಲ್ಲ. ಬೆರಳೇನೂ ಕತ್ತರಿಸಿ ಹೋಗಿಲ್ಲ, ಹತ್ತೂ ಅವನ ಕೈಯಲ್ಲೇ ಇವೆ. ತಕರಾರು ಇರುವುದೇ ಅಲ್ಲಿ. ಕತ್ತರಿಸಿ ಹೋಗಿದ್ದರೆ ಬೆರಳಿಗೆ ಇಷ್ಟು ಅಂತ ಕಾನೂನಿನಲ್ಲಿ ರೇಟು ಇದೆ. ಇದ್ದೂ ಸತ್ತ ಬೆರಳನ್ನು ಯಾವ ನನ್ಮಗನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರ್ಖಾನೆಯ ಹೆಸರು ಬರೆಯುತ್ತಿಲ್ಲ. ಬರೆದರೆ ನೋಟೀಸು ಬರುತ್ತದೆ. ನನಗೆ ಅದರ ಭಯ ಹೋಗಿ ಬಹಳ ವರ್ಷವಾಯಿತು, ಇದನ್ನು ಅಚ್ಚು ಹಾಕಿಸುವ ಪತ್ರಿಕೆಯವರಿಗೆ ಇನ್ನೂ ಇದೆ.

ಮೂಗಯ್ಯನ ಕೆಲಸ ಗ್ರೈಂಡರ್ ಹಿಡಿಯುವುದು. ಅಚ್ಚಿನಿಂದ ಬಂದ ಕಬ್ಬಿಣದ ತುಂಡುಗಳ ಅಂಚು ಗರಗಸದ ಹಲ್ಲಿನ ಹಾಗೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದ ಗ್ರೈಂಡರಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಗ್ರೈಂಡರ್ ಅದುರುತ್ತದೆ, ಅದರ ಜೊತೆ ಕೈ ಅದುರುತ್ತದೆ, ಶಿಫ್ಟು ಮುಗಿಸಿ ಸೈಕಲ್ಲು ಹತ್ತಿದ ಮೇಲೂ ಹ್ಯಾಂಡಲ್ಲು ಅದುರುತ್ತಿರುವಂತೆ ಅನ್ನಿಸುತ್ತದೆ. ಚಳಿಗಾಲದ ಬೆಳಿಗ್ಗೆ ಗ್ರೈಂಡರ್ ಹಿಡಿಯುವ ಗಂಡಸರೆಲ್ಲ ಗೇಟಿನ ಹತ್ತಿರ ಜೇಬಿನಲ್ಲಿ ಕೈ ಇಟ್ಟುಕೊಂಡೇ ನಿಲ್ಲುತ್ತಿದ್ದರು. ಜೇಬಿನೊಳಗೆ ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ತೋರಿಸುತ್ತಿರಲಿಲ್ಲ. ತೋರಿಸಿದರೆ ಕೆಲಸ ಹೋಗುತ್ತದೆ.

ಭಾನುವಾರ ಮಾತ್ರ ಮೂಗಯ್ಯನದು. ಕೆ.ಆರ್.ಎಸ್. ರಸ್ತೆಯಲ್ಲಿ ಸೈಕಲ್ಲು ತುಳಿದು, ಒಳದಾರಿ ಹಿಡಿದು, ಒಂದು ಕಟ್ಟೆಯ ದಂಡೆಗೆ ಹೋಗಿ ಗಾಳ ಹಾಕುತ್ತಿದ್ದ. ಬಿದಿರು ಕೋಲು, ಸಣ್ಣ ಗಾಳ, ಅರ್ಧ ಎರೆಹುಳ. ಬೆಂಡು ಕಟ್ಟುತ್ತಿರಲಿಲ್ಲ. ಬೆಂಡು ಮುಳುಗಿದಾಗ ಎಳೆಯುವುದು ಕುರುಡರ ಕೆಲಸ ಅನ್ನುತ್ತಿದ್ದ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿ ಕೂರುವುದು ಅವನ ಪದ್ಧತಿ. ಗೆಂಡೆ ಮೀನು ಹುಳವನ್ನು ಗಬಕ್ಕನೆ ನುಂಗುವುದಿಲ್ಲ. ತುಟಿಯಲ್ಲಿ ಮುಟ್ಟಿ, ಬಾಯಿಗೆ ಎಳೆದು, ರುಚಿ ನೋಡಿ, ಅನುಮಾನ ಬಂದರೆ ಉಗಿದುಬಿಡುತ್ತದೆ. ಆ ರುಚಿ ನೋಡುವ ಗಳಿಗೆ ಬೆರಳಿಗೆ ತಿಳಿಯಬೇಕು. ಮೂಗಯ್ಯನಿಗೆ ತಿಳಿಯುತ್ತಿತ್ತು. ಮುಟ್ಟಿದ್ದು ಗೆಂಡೆಯೋ ಏಡಿಯೋ ಅಂತಲೂ ಹೇಳುತ್ತಿದ್ದ.

ತೊಂಬತ್ತಾರರ ಹೊತ್ತಿಗೆ ಬರಿಗೈಯಲ್ಲಿ ಬರಲು ಶುರುವಾಯಿತು. ಹುಳ ಮಾಯವಾಗಿರುತ್ತಿತ್ತು, ಗಾಳ ಖಾಲಿ. ಯಾವಾಗ ತಿಂದು ಹೋಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಹನ್ನೆರಡು ವರ್ಷ ಗ್ರೈಂಡರ್ ಹಿಡಿದ ಮನುಷ್ಯ ದೂರಿದ್ದು ದಾರವನ್ನು.

ಸಂತೇಪೇಟೆಯಲ್ಲಿ ವೆಂಕಟಸುಬ್ಬಯ್ಯನವರ ಹಗ್ಗದ ಅಂಗಡಿ. ಮೀನಿನ ರುಚಿ ಗೊತ್ತಿಲ್ಲದ ಮನೆತನ, ಆದರೂ ಮೂರು ತಲೆಮಾರಿನಿಂದ ಗಾಳ ಮಾರುತ್ತಾರೆ. ಏಕಾದಶಿಯ ದಿನ ಗಾಳದ ಡಬ್ಬಿ ಮುಟ್ಟುವುದಿಲ್ಲ, ಗಿರಾಕಿಯೇ ಕೈ ಹಾಕಿ ತೆಗೆದುಕೊಳ್ಳಬೇಕು.

"ಸ್ವಾಮಿ, ದಾರ ಕೊಡಿ. ಇರೋದ್ರಲ್ಲಿ ತೀರಾ ಸಣ್ಣದು."

"ಸಣ್ಣದು ಕಿತ್ತುಹೋಗತ್ತೆ ಕಣೋ. ದಪ್ಪದು ತಗೊಂಡು ಹೋಗು."

"ದಪ್ಪದು ಮಾತಾಡಲ್ಲ ಸ್ವಾಮಿ."

"ದಾರ ಬೇರೆ ಮಾತಾಡಬೇಕಾ ನಿನಗೆ? ನಮ್ಮನೆಯವಳನ್ನ ಒಂದು ದಿನ ಕಳಿಸ್ತೀನಿ, ಪಕ್ಕದಲ್ಲಿ ಕೂರಿಸ್ಕೋ."

ಸಣ್ಣ ದಾರವೂ ಮಾತಾಡಲಿಲ್ಲ. ಹಾಗಾದರೆ ಕೋಲಿನದೇ ತಪ್ಪು ಅಂದುಕೊಂಡ. ಬಿದಿರು ಬಿಟ್ಟು ಫೈಬರ್ ಕೋಲು ಕೊಂಡ. ಉದ್ದನೆಯದು, ತುದಿ ಬಳುಕುವಂಥದು. ಮುಂದಿನ ತಿಂಗಳೇ ವಾಪಸು ತಂದು ವೆಂಕಟಸುಬ್ಬಯ್ಯನವರ ಮುಂದೆ ಇಟ್ಟ.

"ಇದು ತುಂಬಾ ಬಾಗ್ತದೆ ಸ್ವಾಮಿ. ಮೀನು ಮುಟ್ಟಿದ್ದ ತುದೀಲೇ ನುಂಗ್ಬುಡ್ತದೆ, ನನ್ ಕೈಗೆ ಬರಕ್ಕೆ ಬುಡಲ್ಲ. ಗಿಡ್ಡದು ಕೊಡಿ, ಸೆಟೆದು ನಿಲ್ಲೋದು."

ಗಿಡ್ಡ ಕೋಲು ಬಂತು. ಆಮೇಲೆ ದಾರ ಸುತ್ತುವ ರೀಲು. ಮೊದಲು ತಂದ ರೀಲು ಕಲ್ಲಿನ ಹಾಗೆ ಭಾರ. ಅದರ ತೂಕಕ್ಕೆ ಮಣಿಕಟ್ಟು ಜೋತುಬಿದ್ದರೆ ಬೆರಳಿಗೆ ಏನು ತಿಳಿಯುತ್ತದೆ ಅಂತ ಅದನ್ನೂ ಬಿಟ್ಟ. ಬನ್ನಿಮಂಟಪದಲ್ಲಿ ಹಳೇ ಸಾಮಾನು ಮಾರುವವನ ಹತ್ತಿರ ಅಂಗೈ ಅಗಲದ ಹಗುರ ರೀಲು ಸಿಕ್ಕಿತು. ಕೋಲಿಗೆ ಸಿಕ್ಕಿಸಿ, ಅಂಗಡಿಯ ಮುಂದೆಯೇ ಒಂದು ಬೆರಳ ಮೇಲೆ ತೂಗಿ ನೋಡಿದ. ಹಿಂದಕ್ಕೂ ವಾಲಲಿಲ್ಲ, ಮುಂದಕ್ಕೂ ವಾಲಲಿಲ್ಲ. ಕೊನೆಗೆ ಎರಡು ಸಾವಿರದ ಇಸವಿಯಲ್ಲಿ ಹೊಸ ಬಗೆಯ ಹೆಣೆದ ದಾರ ತರಿಸಿಕೊಂಡ. ನೈಲಾನು ಎಳೆದರೆ ಹಿಗ್ಗುತ್ತದೆ, ಇದು ಹಿಗ್ಗುವುದಿಲ್ಲ, ಆ ತುದಿಯಲ್ಲಿ ಇರುವೆ ಕಚ್ಚಿದರೂ ಈ ತುದಿಗೆ ಗೊತ್ತಾಗಬೇಕು. ಹಗುರ ಕೋಲು, ಗಟ್ಟಿ ತುದಿ, ಪುಟ್ಟ ರೀಲು, ಹಿಗ್ಗದ ದಾರ. ಆರಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಮೀನೂ ಇರಲಿಲ್ಲ.

ಹೆಂಡತಿ ಪುಟ್ಟತಾಯಮ್ಮನಿಗೆ ಅನುಮಾನ ಬಂತು. ಕೋಲಿನ ಮೇಲೆ ಕೋಲು ಬರುತ್ತಿದೆ, ಸಾರಿಗೆ ಒಂದು ಮೀನಿಲ್ಲ, ಇವನು ಭಾನುವಾರ ಹೋಗುವುದು ಎಲ್ಲಿಗೆ? ಡಿಸೆಂಬರಿನ ಒಂದು ಬೆಳಿಗ್ಗೆ ಸೈಕಲ್ಲಿನ ಹಿಂದೆ ತಾನೂ ಹತ್ತಿ ಕೂತಳು. ಕಟ್ಟೆಯ ದಂಡೆಯಲ್ಲಿ ಖಾಲಿ ಗಾಳ ಮತ್ತೆ ಮತ್ತೆ ಮೇಲೆ ಬಂದದ್ದು ನೋಡಿ, ತಡೆಯಲಾರದೆ ಅಂದಳು:

"ಅದೇನ್ ಮಾಡ್ತೀರೋ ಕೊಡಿ ಇಲ್ಲಿ, ನಾನೂ ನೋಡುವ."

"ನಿಂಗೇನ್ ತಿಳೀತದೆ ಬುಡು."

"ನಿಮ್ಗೆ ತಿಳ್ದು ಕಡಿದು ಗುಡ್ಡೆ ಹಾಕಿರೋದು ಕಾಣಕಿಲ್ವಾ? ಕೊಡಿ ಅಂದ್ರೆ."

ಅವಳು ದಾರದ ಮೇಲೆ ಬೆರಳಿಟ್ಟಳು. ಕೋಲು ಅವನ ಕೈಯಲ್ಲೇ ಇತ್ತು, ಅವಳ ಬೆರಳಿನ ಪಕ್ಕದಲ್ಲೇ ಅವನ ಬೆರಳೂ ಇತ್ತು.

"ಅಯ್ಯಯ್ಯೋ, ಕುಟುಕ್ತಾ ಅದೆ ಕಣ್ರೀ! ಎಳೀರಿ!"

"ಎಲ್ಲಿ?"

"ಎಲ್ಲಿ ಅಂದ್ರೆ? ಇಲ್ಲೇ! ಈಗ ಜಗ್ತು! ಎಳೀರಿ ಅಂದ್ರೆ!"

ಕೊನೆಗೆ ಅವಳೇ ಕೋಲು ಕಿತ್ತುಕೊಂಡು ಎಳೆದಳು. ಮೊಳದುದ್ದದ ಗೆಂಡೆ ಹುಲ್ಲಿನ ಮೇಲೆ ಬಿದ್ದು ಹೊರಳಾಡಿತು. ಪುಟ್ಟತಾಯಮ್ಮ ಕೇಕೆ ಹಾಕಿ ನಕ್ಕು, ತಿರುಗಿ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಮೂಗಯ್ಯ ಮೀನಿನ ಬಾಯಿಂದ ಗಾಳ ಬಿಡಿಸಿ, ಅದರ ಮೊನೆಯನ್ನು ತನ್ನ ತೋರುಬೆರಳಿಗೆ ಒತ್ತಿದ. ರಕ್ತ ಬಂತು. ನೋವು ಬರಲಿಲ್ಲ.

ಸೋಮವಾರ ಫೋರ್‌ಮನ್ ಚಿಕ್ಕಬಸವಯ್ಯನ ಮುಂದೆ ನಿಂತ. "ಸ್ವಾಮಿ, ಗ್ರೈಂಡರ್ ಬುಡಿಸ್ಬುಡಿ. ಗುಡ್ಸೋ ಕೆಲ್ಸ ಆದ್ರೂ ಸರಿ. ಉಳ್ದಿರೋದೂ ಹೋಗೋಕ್ ಮುಂಚೆ."

ಅವನು ಕೇಳಿದ್ದು ಇಷ್ಟೇ. ಚಿಕ್ಕಬಸವಯ್ಯ ಕಂಪನಿ ಡಾಕ್ಟರ ಹತ್ತಿರ ಅಟ್ಟಿದ. ಡಾಕ್ಟರು ಮುಷ್ಟಿ ಬಿಗಿ ಅಂದರು, ಬಿಗಿದ. ಬಿಡು ಅಂದರು, ಬಿಟ್ಟ. ಸಕ್ಕರೆ ಕಾಯಿಲೆ ಇದೆಯಾ ಅಂದರು, ಇಲ್ಲ. ಹಾಗಾದರೆ ವಯಸ್ಸು ಅಂದರು. ಫಿಟ್ ಅಂತ ಬರೆದರು. ಮಾರನೆಯ ದಿನ ಮೂಗಯ್ಯ ಗ್ರೈಂಡರ್ ಮುಟ್ಟಲಿಲ್ಲ. ಕೆಲಸಕ್ಕೆ ಒಲ್ಲೆ ಅಂದ ಅಪರಾಧಕ್ಕೆ ಕಾರ್ಖಾನೆಯೊಳಗೇ ವಿಚಾರಣೆ ಶುರುವಾಯಿತು. ಯೂನಿಯನ್ ಕಡೆಯಿಂದ ಅವನ ಪಕ್ಕದಲ್ಲಿ ನಾನು ಕೂತೆ.

ಕ್ಯಾಂಟೀನಿನ ಹಿಂದಿನ ಕೋಣೆ. ಮೇಜಿನ ಆಚೆ ವಿಚಾರಣೆ ಮಾಡುವ ಅಧಿಕಾರಿ, ಪಕ್ಕದಲ್ಲಿ ಕಂಪನಿಯ ಮ್ಯಾನೇಜರು. ಮೂಗಯ್ಯ ಕೋಲು, ರೀಲು ಸಮೇತ ಬಂದಿದ್ದ. ಬೆರಳು ಸತ್ತಿದೆ ಅಂತ ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು ಅವನಿಗೆ.

"ಸಾಹೇಬ್ರೆ, ದಾರದ್ ಮೇಲೆ ಬೆರಳಿಡಿ. ಆ ತುದೀಲಿ ಯಾರಾದ್ರೂ ಉಗುರಲ್ಲಿ ಮುಟ್ಟಿ. ನಿಮ್ಗೆ ಗೊತ್ತಾಯ್ತದೆ, ನಂಗೆ ಗೊತ್ತಾಗಕಿಲ್ಲ. ಕಣ್ಣಿಗೆ ಬಟ್ಟೆ ಕಟ್ಬುಡಿ ಬೇಕಾದ್ರೆ."

ಅಧಿಕಾರಿ ಬೆರಳಿಡಲಿಲ್ಲ. ಮ್ಯಾನೇಜರು ಕೋಲನ್ನು ಎತ್ತಿಕೊಂಡು, ರೀಲು ತಿರುಗಿಸಿ, ಕಿರ್ರ್ ಅನ್ನಿಸಿ, ಖುಷಿಪಟ್ಟು ಕೇಳಿದರು:

"ಇದು ಯಾರದಪ್ಪಾ?"

"ನಂದೇ ಸ್ವಾಮಿ."

"ನೀನೇ ಆರಿಸಿದ್ದಾ?"

"ಹೂಂ ಸ್ವಾಮಿ."

"ಎಷ್ಟು ನಾಜೂಕಾಗಿದೆ ನೋಡಿ ಸಾರ್. ಕೈ ಸತ್ತೋನು ಇಂಥದ್ದು ಹಿಡೀತಾನಾ? ಗ್ರೈಂಡರ್ ಹಿಡಿಯೋಕೆ ಕೈ ಇಲ್ಲವಂತೆ, ಮೀನು ಹಿಡಿಯೋಕೆ ಇದೆಯಂತೆ."

ಕೋಣೆಯಲ್ಲಿದ್ದವರು ನಕ್ಕರು. ಕೈ ಸತ್ತದ್ದಕ್ಕೇ ನಾಜೂಕು ಹುಡುಕಿಕೊಂಡು ಅಲೆದ ಅಂತ ನಾನು ಎದ್ದು ನಿಂತು ಕೂಗಿದೆ. ಕೂಗಿದ್ದನ್ನು ಬರೆದುಕೊಳ್ಳಲಿಲ್ಲ. ಕೋಲಿನ ವಿಷಯ ಬರೆದುಕೊಂಡರು.

ಉಳಿದದ್ದು ಸಾಕ್ಷಿ. ಮೂಗಯ್ಯನ ಪಕ್ಕದಲ್ಲೇ ಅಷ್ಟೂ ವರ್ಷ ಗ್ರೈಂಡರ್ ಹಿಡಿದ ಹುಚ್ಚಣ್ಣನನ್ನು ಕರೆಸಿದೆವು. ಜೇಬಿನಲ್ಲಿ ಕೈ ಇಟ್ಟುಕೊಂಡೇ ಒಳಗೆ ಬಂದ.

"ಹೇಳು ಹುಚ್ಚಣ್ಣ, ಬೆಳಿಗ್ಗೆ ಹೊತ್ತು ನಿನ್ನ ಬೆರಳು ಏನಾಗ್ತದೆ?" ಅಂದೆ.

ಅವನು ಮ್ಯಾನೇಜರ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ನಂಗೇನೂ ಆಗಿಲ್ಲ ಕಣಣ್ಣ."

ಹೇಳಿಕೆಗೆ ಸಹಿ ಹಾಕಬೇಕಿತ್ತು. ಹುಚ್ಚಣ್ಣ ಪೆನ್ನು ಹಿಡಿದ, ಪೆನ್ನು ಜಾರಿ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. ಪೆನ್ನು ಸರಿಯಿಲ್ಲ ಅಂತ ಅಧಿಕಾರಿ ಬೇರೆ ಪೆನ್ನು ಕೊಟ್ಟರು. ಮೂಗಯ್ಯ ಅದನ್ನು ನೋಡುತ್ತಾ ಕೂತಿದ್ದ.

ಎರಡು ಸಾವಿರದ ಒಂದರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಈಗ ವಿಜಯನಗರದಲ್ಲಿ ಕಟ್ಟುತ್ತಿರುವ ಮನೆಗಳನ್ನು ಕಾಯುತ್ತಾನೆ. ಬೀಗದ ಕೈ ಜಾರುತ್ತದೆಂದು ಕೊರಳಿಗೆ ಕಟ್ಟಿಕೊಂಡಿದ್ದಾನೆ. ಭಾನುವಾರ ಕಟ್ಟೆಗೆ ಹೋಗುವುದು ನಿಂತಿಲ್ಲ. ಗಾಳ ಹಾಕುವುದು ಪುಟ್ಟತಾಯಮ್ಮ, ಹುಳದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂರುವುದು ಇವನು. ಮೀನು ಮುಟ್ಟಿದಾಗಲೆಲ್ಲ ಕೇಳುತ್ತಾನೆ:

"ಎಂಗಿತ್ತು?"

"ಎಂಗೆ ಅಂದ್ರೆ? ಮುಟ್ದಂಗಿತ್ತು."

"ತುಟೀಲಿ ಮುಟ್ತಾ, ಒಳಕ್ಕೆಳೀತಾ?"

"ಅಯ್ಯೋ, ನಂಗೆ ಅಷ್ಟೆಲ್ಲ ಹೇಳಕ್ಕೆ ಬರಕಿಲ್ಲ, ಸುಮ್ಕಿರಿ."

ಹುಳದ ಡಬ್ಬಿಯನ್ನು ಅವಳ ಮುಂದೆ ಹಿಡಿಯುತ್ತಾನೆ.

ಕಂಪನಿಯ ಮೇಲೆ ನಾವು ಹೂಡಿದ ದಾವೆ ಮೇಲಿನ ಕೋರ್ಟಿನಲ್ಲಿ ಇನ್ನೂ ಕೊಳೆಯುತ್ತಾ ಬಿದ್ದಿದೆ. ನಮ್ಮ ವಕೀಲರು ಸಾಕ್ಷಿಗೆ ಕೇಳುವುದು ಒಂದೇ, ಅದೇ ಕೆಲಸ ಮಾಡಿ ಅದೇ ಗತಿ ಆದ ಇನ್ನೊಬ್ಬ ಮನುಷ್ಯ. ಇದನ್ನು ಓದುತ್ತಿರುವವರಲ್ಲಿ ಅಂಥವರು ಇದ್ದೀರಿ. ನೀವಲ್ಲದಿದ್ದರೆ ನಿಮ್ಮಪ್ಪ, ನಿಮ್ಮ ಭಾವ, ನಿಮ್ಮ ಬೀದಿಯ ಕೊನೆಯ ಮನೆಯವನು ಆ ಗ್ರೈಂಡರ್ ಹಿಡಿದಿದ್ದಾನೆ. ಮೂಗಯ್ಯನಿಗೆ ನಿಮ್ಮ ಅಯ್ಯೋ ಪಾಪ ಬೇಡ, ಚಂದಾ ಬೇಡ. ಚಳಿಯ ಬೆಳಿಗ್ಗೆ ನಿಮ್ಮ ಬೆರಳು ಬೆಳ್ಳಗಾಗುತ್ತದೋ ಇಲ್ಲವೋ? ಆಗುತ್ತದೆಂದರೆ ಜೇಬಿನಿಂದ ಕೈ ಈಚೆ ತೆಗೆಯಿರಿ. ತಂದು ಕೋರ್ಟಿನ ಮೇಜಿನ ಮೇಲೆ ಇಡಿ.