ನಲವತ್ತೈದು ಡಿಗ್ರಿಯ ಗೆರೆ

ಆ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ, ನನ್ನದು ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಹಿಂದೂಪುರದ ಮೆಡಿಕಲ್ ಸ್ಟೋರೊಂದರ ಮಹಡಿಯ ಕೋಣೆಯಲ್ಲಿ ಅವರು ಪ್ರತಿ ಭಾನುವಾರ ಷೇರಿನ ಚಾರ್ಟು ಓದುವುದನ್ನು ಹೇಳಿಕೊಡುತ್ತಿದ್ದರು. ಅದು ೨೦೦೭ರ ಮಾತು. ವಾರದ ಉಳಿದ ದಿನ ಅದೇ ಕೋಣೆಯಲ್ಲಿ ಜನರಿಗೆ ಷೇರು ಕೊಡಿಸುವ, ಮಾರಿಸುವ ಏಜೆಂಟು ಕೆಲಸ. ಕೊಂಡರೂ ಅವರಿಗೆ ಕಮಿಷನ್, ಮಾರಿದರೂ ಕಮಿಷನ್. ಇಷ್ಟು ಗೊತ್ತಿದ್ದೂ ಹೋಗಿ ಮುಂದಿನ ಬೆಂಚಿನಲ್ಲೇ ಕುಳಿತೆನಲ್ಲ, ನನಗೇನು ಹೇಳಬೇಕು?

ನಾನು ಸೇರಿದ್ದು ಅಕ್ಕನಿಗಾಗಿ. ಅಕ್ಕನನ್ನು ಕಲ್ಯಾಣದುರ್ಗಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮನೆಯ ಪಡಸಾಲೆಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಕೋಣೆ ಹಿಡಿಯಬೇಕು, ಬೋರ್ಡು ಹಾಕಿಸಬೇಕು ಎನ್ನುವುದು ಅವಳ ಬಹಳ ವರ್ಷದ ಆಸೆ. ಅದಕ್ಕೆಂದು ಕೂಡಿಟ್ಟದ್ದನ್ನೆಲ್ಲ ಯಾರದೋ ಮಾತು ಕೇಳಿ ಇದೇ ಮೇಷ್ಟ್ರ ಮೂಲಕ ಒಂದು ಕಟ್ಟಡ ಕಂಪನಿಯ ಷೇರಿಗೆ ಹಾಕಿದ್ದಳು. ಬೆಲೆ ಏರುತ್ತಲೇ ಇತ್ತು. ಆದರೆ ಯಾವಾಗ ಮಾರಿ ದುಡ್ಡು ತೆಗೆಯಬೇಕು ಎನ್ನುವುದು ಅವಳಿಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ.

"ನೀನು ಲಂಗ ಹಾಕ್ಕೊಳ್ಳೋ ಕಾಲ್ದಿಂದ ಗ್ರಾಫ್ ಬರೆಯೋಳು ಕಣೆ. ಹೋಗಿ ಕಲ್ತ್ಕೊ. ತೆಗಿ ಅಂತ ನೀನು ಹೇಳಿದ್ ದಿನ ತೆಗೆದ್ಬುಡ್ತೀನಿ," ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮದು ನೇಯುವವರ ಮನೆ. ನಮ್ಮಪ್ಪ ಜಕಾರ್ಡ್ ಮಗ್ಗಕ್ಕೆ ಸೀರೆಯ ಅಂಚು, ಸೆರಗಿನ ಡಿಸೈನು ಬರೆಯುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಆ ಕೆಲಸ ನನಗೆ ಬಂತು. ಗ್ರಾಫ್ ಹಾಳೆಯ ಒಂದೊಂದು ಮನೆಯನ್ನೂ ಪೆನ್ಸಿಲಿನಿಂದ ತುಂಬಿಸಿ ಹಂಸ, ಮಾವಿನಕಾಯಿ, ಬಳ್ಳಿ ಬಿಡಿಸುವುದು. ಅದನ್ನು ನೋಡಿಕೊಂಡು ಇನ್ನೊಬ್ಬ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾನೆ, ಆ ಕಾರ್ಡು ಮಗ್ಗದ ಮೇಲೆ ಏರುತ್ತದೆ. ಎಲ್ಲೋ ಒಂದು ಮನೆ ತಪ್ಪಿದರೆ ಸೀರೆಯುದ್ದಕ್ಕೂ ಹಂಸದ ಕೊಕ್ಕು ಮುರಿದಿರುತ್ತದೆ. ಹಾಗಾಗಿ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಬರೆದವರು ಸಹಿ ಹಾಕಲೇಬೇಕು. ತಪ್ಪು ಬಂದರೆ ಸಹಿ ಹಾಕಿದವರೇ ಮತ್ತೆ ಕೂತು ಎಲ್ಲವನ್ನೂ ಸರಿಮಾಡಿಕೊಡಬೇಕು, ನೆಪ ಹೇಳುವ ಹಾಗಿಲ್ಲ.

"ಸೈನ್ ಇಲ್ದಿದ್ರೆ ಅದು ಗ್ರಾಫಲ್ಲ ಕಣಮ್ಮ, ಬರೀ ಗೀಚಿದ್ದು," ಎನ್ನುತ್ತಿದ್ದರು ಅಪ್ಪ.

ಕ್ಲಾಸಿನಲ್ಲಿ ನಾನೊಬ್ಬಳೇ ಹೆಂಗಸು. ಉಳಿದವರೆಲ್ಲ ರೇಷ್ಮೆ ವ್ಯಾಪಾರದವರು, ರಿಟೈರಾದವರು, ಲೇಪಾಕ್ಷಿಯಿಂದ ಬಸ್ಸಿನಲ್ಲಿ ಬರುವ ಇಬ್ಬರು ಸ್ಕೂಲು ಮೇಷ್ಟ್ರುಗಳು. ಮೊದಲ ಪಾಠದಲ್ಲಿ ನಮ್ಮ ಮೇಷ್ಟ್ರು, ಒಂದು ದಿನದ ಬೆಲೆಗೆ ಮೇಣದಬತ್ತಿಯಂಥ ಒಂದು ಗುರುತು, ಅದೇ ಕ್ಯಾಂಡಲ್ ಎಂದರು. ಬೆಳಗ್ಗೆ ಎಲ್ಲಿ ಶುರುವಾಯಿತು, ಸಂಜೆ ಎಲ್ಲಿ ನಿಂತಿತು, ನಡುವೆ ಎಲ್ಲಿಗೆ ಏರಿತು, ಎಲ್ಲಿಗೆ ಇಳಿಯಿತು, ಇಷ್ಟೂ ಆ ಒಂದು ಗುರುತಿನಲ್ಲಿ ಇರುತ್ತದೆ. ನನಗೆ ಅದು ನೀರು ಕುಡಿದಷ್ಟು ಸುಲಭವಾಯಿತು. ಮೇಷ್ಟ್ರಿಗೆ ಕಂಪ್ಯೂಟರಿನ ಪ್ರಿಂಟು, ನನಗೆ ತೆಲುಗು ಪೇಪರಿನ ರೇಟು ಪಟ್ಟಿ ಮತ್ತು ಡಿಸೈನಿನ ಹಾಳೆ. ಅಕ್ಕನ ಕಂಪನಿಯ ಕ್ಯಾಂಡಲ್‌ಗಳನ್ನು ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಬಿಡಿಸುತ್ತಿದ್ದೆ. ಖುಷಿಯಾಗುತ್ತಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ದಸರಾ ಕಳೆದ ಭಾನುವಾರ ಅವರು ತಮ್ಮ ದೊಡ್ಡ ಸೂತ್ರ ಹೇಳಿದರು. ಬೆಲೆ ಇಳಿದಿಳಿದು ಮತ್ತೆ ಏಳುವ ಜಾಗಗಳನ್ನು ಸೇರಿಸಿ ಒಂದು ಗೆರೆ ಎಳೆಯಿರಿ. ಗೆರೆ ನಲವತ್ತೈದು ಡಿಗ್ರಿಯಲ್ಲಿ ಇಲ್ಲವೇ ಅದಕ್ಕಿಂತ ಕಡಿದಾಗಿ ಏರುತ್ತಿದ್ದರೆ ಷೇರಿಗೆ ಬಲವಿದೆ, ಬಿಡಬೇಡಿ. ಅದಕ್ಕಿಂತ ಮಲಗಿದ್ದರೆ ಬಲವಿಲ್ಲ, ಹೊರಗೆ ಬನ್ನಿ. ಉದಾಹರಣೆಗೆ ತೆಗೆದುಕೊಂಡದ್ದು ಅಕ್ಕನ ಕಂಪನಿಯನ್ನೇ. ಅವರ ಪ್ರಿಂಟಿನಲ್ಲಿ ಗೆರೆ ಏಣಿ ಒರಗಿಸಿದ ಹಾಗೆ ಕಡಿದಾಗಿತ್ತು. ನನ್ನ ಹಾಳೆಯಲ್ಲಿ ಅದೇ ಗೆರೆ ಮಲಗಿತ್ತು.

ಏಕೆಂದರೆ ಡಿಸೈನಿನ ಹಾಳೆಯ ಮನೆಗಳು ಚೌಕವಾಗಿರಲೇಬೇಕೆಂದಿಲ್ಲ. ಬಟ್ಟೆಯ ಒಂದು ಇಂಚಿಗೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎನ್ನುವ ಲೆಕ್ಕಕ್ಕೆ ತಕ್ಕಂತೆ ಮನೆ ಅಗಲವಾಗುತ್ತದೆ, ಇಲ್ಲವೇ ಎತ್ತರವಾಗುತ್ತದೆ. ನನ್ನದು ಅಗಲ ಮನೆಯ ಹಾಳೆ. ಹಾಳೆ ಬದಲಾದರೆ ಹಂಸ ದಪ್ಪಗಾಗುತ್ತದೆ, ಸಣ್ಣಗಾಗುತ್ತದೆ. ನಮ್ಮ ಬೀದಿಯಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಎದ್ದು ನಿಂತು ಕೇಳಿದೆ.

"ಸಾರ್, ಅದೇ ಕಂಪನಿ, ಅದೇ ರೇಟು. ನಿಮ್ ಹಾಳೇಲಿ ಇಟ್ಕೊ ಅಂತೈತೆ, ನನ್ ಹಾಳೇಲಿ ಮಾರು ಅಂತೈತೆ. ಪೇಪರ್ ಬದಲಾದ್ರೆ ಡಿಗ್ರಿ ಬದಲಾಗ್ಬುಡ್ತದಲ್ಲ, ಯಾವ್ದನ್ನ ನಂಬೋದು?"

ಅವರು ನನ್ನ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಇದ್ರಾಗೆ ಸೆರಗು ಎಲ್ಲಿ, ಅಂಚು ಎಲ್ಲಿ ಕಣಮ್ಮ?" ಎಂದರು. ಇಡೀ ಕೋಣೆ ನಕ್ಕಿತು. "ಸೀರೆ ಬೇರೆ, ಷೇರು ಬೇರೆ. ಅರ್ಥಮಯಿಂದಾ, ತಿಳೀತಾ? ಅಂಗಡೀಲಿ ಚೌಕದ ಹಾಳೆ ಸಿಕ್ತದೆ, ತಗೊಂಡು ಬರ್ಕೊಂಡ್ ಬಾ."

ನನ್ನ ಪ್ರಶ್ನೆ ಸರಿಯಾಗಿತ್ತು ಎಂದು ಈಗ ಎದೆ ತಟ್ಟಿ ಹೇಳುತ್ತೇನೆ. ಕಾಗದ ಬದಲಾದರೆ ಬದಲಾಗುವ ಬಲ ಎಂಥ ಬಲ? ಆ ನಲವತ್ತೈದಕ್ಕೆ ಯಾವ ಅರ್ಥವೂ ಇರಲಿಲ್ಲ. ಆದರೆ ಅಷ್ಟು ಜನ ಗಂಡಸರು ನಕ್ಕಾಗ ತಲೆ ತಗ್ಗಿಸಿ ಕುಳಿತೆ. ಅಪ್ಪ ಕಲಿಸಿದ ಕಣ್ಣನ್ನು ಬಿಟ್ಟು, ಅಂಗಡಿಗೆ ಹೋಗಿ ಚೌಕದ ಹಾಳೆಯನ್ನೇ ತಂದೆ. ಮೊದಲಿನಿಂದ ಎಲ್ಲ ಕ್ಯಾಂಡಲ್ ಬಿಡಿಸಿ, ಅವರ ಪ್ರಿಂಟಿಗೆ ಹೊಂದುವವರೆಗೆ ಅಳತೆ ತಿದ್ದಿದೆ. ಗೆರೆ ಕಡಿದಾಗಿ ಬಂತು.

ದೀಪಾವಳಿಗೆ ಅದನ್ನು ತೆಗೆದುಕೊಂಡು ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆ. ಅಕ್ಕ ನೋಡಿಟ್ಟಿದ್ದ ಅಂಗಡಿ ಕೋಣೆಯ ಮಾಲೀಕ ಮುಂಗಡಕ್ಕೆ ಅವಳಿಗೆ ಕೊಟ್ಟಿದ್ದ ಗಡುವು ಹಬ್ಬದವರೆಗೆ. ಅಕ್ಕ ಹೊಲಿಗೆ ನಿಲ್ಲಿಸಿ, ಕೈಯ ನೂಲು ಕೊಡವಿಕೊಂಡು ಹಾಳೆಯನ್ನು ಮೆಷಿನ್ ಮೇಲೆ ಹರಡಿದಳು. ನಾನು ಕ್ಯಾಂಡಲ್, ಗೆರೆ, ಡಿಗ್ರಿ ಎಲ್ಲ ವಿವರಿಸಿದೆ. ಎರಡು ಹಾಳೆಯ ವಿಷಯ ಮಾತ್ರ ಹೇಳಲಿಲ್ಲ.

"ಹಂಗಾದ್ರೆ ಇರ್ಲಿ. ಸಂಕ್ರಾಂತಿಗೆ ತೆಗೆಯಾನ," ಎಂದಳು ಅಕ್ಕ. ಮಾಲೀಕನಿಗೆ ಬೇರೆಯವರಿಗೆ ಕೊಟ್ಟುಕೊಳ್ಳಿ ಎಂದು ಹೇಳಿ ಕಳಿಸಿದಳು. ಇನ್ನೂ ಏರಿದರೆ ಅದಕ್ಕಿಂತ ದೊಡ್ಡ ಕೋಣೆಯನ್ನೇ ಹಿಡಿಯಬಹುದು ಎನ್ನುವುದು ಅವಳ ಲೆಕ್ಕ.

ಸಂಕ್ರಾಂತಿ ಕಳೆದ ವಾರದಲ್ಲೇ ಷೇರು ಬಜಾರು ಕುಸಿಯಿತು. ಪೇಪರಿನವರು ಕೊಟ್ಟ ಬೆಲೆ ನನ್ನ ಹಾಳೆಯ ಕೆಳಗಿನ ಅಂಚನ್ನೂ ದಾಟಿ ಹೋಯಿತು, ಬಿಡಿಸಲು ಜಾಗವೇ ಇರಲಿಲ್ಲ. ನಾನು ಮೇಷ್ಟ್ರ ಹತ್ತಿರ ಓಡಿದೆ. "ಗಾಬರಿಯಾಗ್ಬ್ಯಾಡ," ಎಂದರು. ಇಳಿಯುತ್ತಲೇ ಇತ್ತು. ಕೊನೆಗೆ ಅಕ್ಕ ಮಾರಿಸಿದಾಗ ಬಂದದ್ದು ಒಂದು ಹೊಸ ಮೆಷಿನ್ನಿಗೂ ಸಾಲುವಂತಿರಲಿಲ್ಲ.

ಅವಳು ಮಾರಿಸಿದ ಮರು ಭಾನುವಾರ ನಡೆದದ್ದಕ್ಕೆ ನನ್ನ ಸಿಟ್ಟು. ಮೇಷ್ಟ್ರು ಅದೇ ಕಂಪನಿಯ ಹೊಸ ಪ್ರಿಂಟು ಗೋಡೆಗೆ ಅಂಟಿಸಿದ್ದರು. ಗೆರೆ ಬೇರೆ ಜಾಗದಿಂದ ಶುರುವಾಗಿ ಮಲಗಿತ್ತು. "ನೋಡಿ, ದಸರಾ ಹೊತ್ತಿಗೇ ಬಲ ಇರ್ಲಿಲ್ಲ. ಕಣ್ಣಿದ್ದೋರಿಗೆ ಆಗ್ಲೇ ಕಾಣ್ತಿತ್ತು," ಎಂದರು. ಹೊಸದಾಗಿ ಸೇರಿದವರು ಬರೆದುಕೊಳ್ಳುತ್ತಿದ್ದರು. ದಸರಾದಲ್ಲಿ ಅವರೇ ಹಂಚಿದ್ದ ಪ್ರಿಂಟು ನನ್ನ ಚೀಲದಲ್ಲಿತ್ತು. ಅದನ್ನು ಅವರ ಮುಂದಿಟ್ಟೆ.

"ಎರಡೂ ನಿಮ್ಮವೇ ಸಾರ್. ಯಾವ್ದು ನಿಮ್ ಗೆರೆ, ಅದರ ಮೇಲೆ ಸೈನ್ ಹಾಕಿ ಕೊಡಿ."

"ಮಾರ್ಕೆಟ್ಟಿಗೆ ಯಾರಮ್ಮ ಸೈನ್ ಹಾಕ್ತಾರೆ?" ಎಂದರು. ಮತ್ತೆ ನಗು. ಈ ಸಲ ನಾನು ತಲೆ ತಗ್ಗಿಸಲಿಲ್ಲ, ಎರಡೂ ಪ್ರಿಂಟನ್ನು ಕಿತ್ತುಕೊಂಡು ಮೆಟ್ಟಿಲಿಳಿದೆ.

ಕಲ್ಯಾಣದುರ್ಗದಲ್ಲಿ ಅಕ್ಕನ ಮುಂದೆ ಅವೆರಡನ್ನೂ ಹಾಕಿ ಮೇಷ್ಟ್ರನ್ನು ಬಾಯಿಗೆ ಬಂದಂತೆ ಬೈದೆ. ಹೇಡಿ ಎಂದೆ, ಮೋಸಗಾರ ಎಂದೆ. ತನ್ನ ಗೆರೆಗೆ ತಾನು ಸಹಿ ಹಾಕಲು ಧೈರ್ಯವಿಲ್ಲದವನು ಗುರು ಹೇಗಾಗುತ್ತಾನೆ ಎಂದು ಕೇಳಿದೆ. ಅಕ್ಕ ರವಿಕೆಗೆ ಹುಕ್ಸು ಹಾಕುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಷಿನ್ನಿನ ಡ್ರಾಯರ್ ಎಳೆದು, ದೀಪಾವಳಿಗೆ ನಾನು ತಂದಿದ್ದ ಚೌಕದ ಹಾಳೆಯನ್ನು ತೆಗೆದಳು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟಿದ್ದಳು.

"ಅವನು ಎಂಥೋನಾದ್ರೂ ಆಗ್ಲಿ, ಅವನ ಮಾತು ಕೇಳಿ ನಾನು ದುಡ್ಡು ಅಲ್ಲೇ ಬಿಟ್ಟಿದ್ದಲ್ಲ ಕಣೆ," ಎಂದಳು. "ಇದನ್ನ ನೋಡಿ ಬಿಟ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಳೆಯ ಬಲಗಡೆ ಕೆಳಮೂಲೆಯಲ್ಲಿ, ಕೈಗೆ ಅಂಟಿಹೋದ ಅಭ್ಯಾಸದಿಂದ, ನಾನು ಸಹಿ ಹಾಕಿದ್ದೆ.