ಹೆಸರಿಲ್ಲದ ಬಟನ್

ರೇಷನ್ ಕಾರ್ಡಿನ ಮಸ್ಟರಿಂಗಿಗೆ, ಅಂದರೆ ಬೆರಳಚ್ಚು ಕೊಟ್ಟು ಗುರುತು ಖಾತ್ರಿ ಮಾಡಿಸಲಿಕ್ಕೆ, ಅಂದೇ ಕಡೇ ದಿನ. ಆಗದಿದ್ದರೆ ನನ್ನ ಪಾಲಿನ ಅಕ್ಕಿ ನಿಲ್ಲುತ್ತಿತ್ತು. ಬದಿಯಡ್ಕದ ಕಂಪ್ಯೂಟರ್ ಅಂಗಡಿಯ ಶೈಲಾ, ಜನ ಹೆಚ್ಚೆಂದು, ಪರದೆಯ ಮೇಲಿನ ಬಟನನ್ನು ಕಂಪ್ಯೂಟರು ತಾನೇ ಒತ್ತುವ ಹಾಗೆ ಬರೆದಿಟ್ಟಿದ್ದಳು. ನಾನು ಬೆರಳಚ್ಚಿನ ಯಂತ್ರದಲ್ಲಿ ಬೆರಳಿಟ್ಟೆ, ಕಂಪ್ಯೂಟರು ಬಟನ್ ಒತ್ತದೆ ಅಲ್ಲೇ ನಿಂತಿತು.

“ಎಂತಾಯ್ತು ಮಗಾ?”

“ಹೆಸರು ನೋಡಿ ಒತ್ತಲಿಕ್ಕೆ ಹೇಳಿದ್ದೆ ಅಜ್ಜಿ. ಇದನ್ನು ಮಾಡಿದವರು ಈ ಬಟನಿಗೆ ಹೆಸರೇ ಇಟ್ಟಿಲ್ಲ.”

“ಕಣ್ಣೆದುರೇ ಉಂಟಲ್ಲ ಮಾರಾಯ್ತಿ!”

“ನಮಗೆ ಕಾಣ್ತದೆ. ಕಂಪ್ಯೂಟರಿಗೆ ಹೆಸರೇ ಬೇಕು.”

ನನಗೆ ತಲೆಬುಡ ತಿಳಿಯಲಿಲ್ಲ. “ನಾನು ನಮ್ಮ ಯಜಮಾನರ ಹೆಸರು ಹೇಳಿದವಳೇ ಅಲ್ಲ. ‘ಇವರೇ’ ಅಂದರೆ ಬರ್ತಿದ್ದರು” ಎಂದೆ.

“ಮದುವೆಮನೆಯಲ್ಲಿ ಹಾಗೆ ಕರೆದರೆ?”

“ನಾಲ್ಕು ಗಂಡಸರು ತಿರುಗ್ತಾರೆ. ಅಲ್ಲಿ ‘ಕಂಬದ ಹತ್ತಿರ ಕೂತವರೇ’ ಅನ್ನಬೇಕು.”

ಶೈಲಾ ನಕ್ಕು, ಹೆಸರಿಲ್ಲದಿದ್ದರೆ ಬೆರಳಿನ ಚಿತ್ರದ ಪಕ್ಕದ ಬಟನನ್ನು ಒತ್ತು ಎಂದು ಕಂಪ್ಯೂಟರಿಗೆ ಬರೆದಳು. ಒತ್ತಿತು, ಅಕ್ಕಿ ಉಳಿಯಿತು. ನಮ್ಮಲ್ಲಿ ಹುಟ್ಟಿದ ಕರುವಿಗೂ ಸಂಜೆಯೊಳಗೆ ಹೆಸರಿಡುತ್ತೇವೆ. ಆ ಬಟನ್ ಮಾಡಿದವರಿಗೆ ಅಷ್ಟೂ ಪುರುಸೊತ್ತಿರಲಿಲ್ಲವೋ ಎಂತದೋ.