ಬಸವಣ್ಣನ ಬಾಯಿಯ ನೀರು

ಮಲ್ಲೇಶ್ವರದ ಆಂಡಾಳ್ ಮೇಡಂ ಭೂಗೋಳದ ಪಾಠಕ್ಕೆ ನಿಂತರೆ, ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ಸಮುದ್ರ ಸೇರುವ ತನಕ ತರಗತಿಯಲ್ಲಿ ಪಿಟ್ಟೆನ್ನುವವರಿಲ್ಲ. "ನಮ್ಮೂರಿಗೆ ನದಿ ಇಲ್ವಾ ಮಿಸ್?" ಎಂದು ಯಾರಾದರೂ ಕೇಳಿದರೆ, "ಇಲ್ಲ. ಕೆರೆ ನಂಬಿ ಕಟ್ಟಿದ ಊರಿದು" ಎಂದು ಮುಗಿಸಿಬಿಡುತ್ತಿದ್ದರು. ಮನೆಯಲ್ಲೂ ಖಡಾಖಂಡಿತ ಮಾತೇ. ಕಾಡು ಮಲ್ಲೇಶ್ವರನ ಗುಡಿ ಪಕ್ಕದ ಬೀದಿಯಲ್ಲೇ ಇದ್ದರೂ ವಿಷ್ಣುವಿಗಷ್ಟೇ ಕೈಮುಗಿಯುವ ಅಯ್ಯಂಗಾರ್ ಮನೆತನದ ಆ ಹೆಂಗಸು ಅದರ ಹೊಸ್ತಿಲು ತುಳಿದವರಲ್ಲ.

ತೊಂಬತ್ತರ ದಶಕದ ಕೊನೆಯಲ್ಲೊಂದು ಭಾನುವಾರ ನೆರೆಮನೆಯ ಶೈಲಜಮ್ಮ ಓಡಿಬಂದರು. ಸೆರಗೆಲ್ಲ ಕೆಸರು.

"ಮೇಡಂ, ಬೇಗ ಬನ್ನಿ! ಗುಡಿ ಎದುರಿನ ಖಾಲಿ ಜಾಗ ಅಗೀತಿದ್ರಲ್ಲ, ಅಲ್ಲಿ ಬಸವಣ್ಣ ಸಿಕ್ಕಿದಾನೆ. ಬಾಯಿಂದ ನೀರು ಬರ್ತಿದೆ!"

"ಎಲ್ಲೋ ಪೈಪ್ ಒಡೆದಿರುತ್ತೆ ಕಣ್ರೀ."

"ಅಯ್ಯೋ, ಒಂದ್ಸಲ ನೋಡ್ಬನ್ನಿ ಅಂದ್ರೆ!"

ಶೈಲಜಮ್ಮ ಕೈ ಹಿಡಿದು ಎಳೆದುಕೊಂಡೇ ಹೋದರು. ಶಾಲೆಗೆ ಹೋಗುವಾಗ ಆಂಡಾಳ್ ದಿನವೂ ನೋಡುತ್ತಿದ್ದ ಬಯಲು ಆಳಕ್ಕೆ ಬಾಯ್ದೆರೆದಿತ್ತು. ಒಳಗೆ ಕಲ್ಲುಕಂಬ, ಮೆಟ್ಟಿಲು, ಅರ್ಧ ಹೂತ ಕಲ್ಯಾಣಿ. ಬುಟ್ಟಿಯಲ್ಲಿ ಮಣ್ಣು ಸಾಗಿಸುತ್ತಿದ್ದ ಜನ ಪಿಸುದನಿಯಲ್ಲೇ ಮಾತಾಡುತ್ತಿದ್ದರು. ಆಂಡಾಳ್ ಚಪ್ಪಲಿ ಬಿಟ್ಟು ಇಳಿದರು. ಕಪ್ಪು ಕಲ್ಲಿನ ಬಸವನ ಬಾಯಿಂದ ಸಣ್ಣ ಧಾರೆಯೊಂದು ಕೆಳಗಿನ ಲಿಂಗದ ಮೇಲೆ ಬೀಳುತ್ತಿತ್ತು. ಕೈಯೊಡ್ಡಿದರು. ತಣ್ಣಗೆ ಕೊರೆಯಿತು.

"ಎಲ್ಲಿಂದ ಬರ್ತಿದೆ ಇದು?"

ಪಕ್ಕದಲ್ಲಿ ಮಣ್ಣು ತೋಡುತ್ತಿದ್ದ ಪೇಟೆಯ ಬಟ್ಟೆ ವ್ಯಾಪಾರಿ ರೇವಣಸಿದ್ದಯ್ಯ ತಲೆಯೆತ್ತಿದರು. "ಯಾರು ಕಂಡೋರು ತಾಯಿ? ವೃಷಭಾವತಿ ಹುಟ್ಟೋದು ಇಲ್ಲೇ ಅಂತ ನಮ್ಮಜ್ಜಿ ಹೇಳೋರು."

ವೃಷಭಾವತಿ! ಮೈಸೂರು ರಸ್ತೆಯ ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ದಾಟುವ ಆ ಕರೀ ಮೋರಿ ಹುಟ್ಟುವಾಗ ಇಷ್ಟು ತಿಳಿಯಾಗಿತ್ತೇ? ಮೇಲಿನ ಬಯಲಲ್ಲಿ ಮಕ್ಕಳು ಆಡಿದ್ದಾರೆ, ದನ ಮೇದಿವೆ, ತಾವು ಕೊಡೆ ಹಿಡಿದು ಹಾದುಹೋಗಿದ್ದಾರೆ. ನೋಡುವ ಕಣ್ಣು, ಮುಗಿಯುವ ಕೈ ಒಂದೂ ಇಲ್ಲದ ಕತ್ತಲಲ್ಲಿ ಈ ಅಭಿಷೇಕ ನಡೆದೇ ಇತ್ತಲ್ಲ! ಆಂಡಾಳ್‌ಗೆ ಮೈ ಜುಮ್ಮೆಂದಿತು. ಮೆಟ್ಟಿಲ ಮೇಲೆ ಕೂತರು. ಎಷ್ಟೋ ಹೊತ್ತಿನ ಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿಗೆ ಕೈ ಹಾಕಿದರು.

ಮಧ್ಯಾಹ್ನ ಬಾಗಿಲು ತೆರೆದ ಗಂಡ ಚಕ್ರಪಾಣಿ ಗಾಬರಿಯಾದರು. "ಎಲ್ಲಿ ಬಿದ್ದೆ?"

"ಬೀಳ್ಲಿಲ್ಲ. ಮಣ್ಣು ಹೊತ್ತೆ."

"ನೀನಾ? ಶಿವನ ಗುಡೀಲಾ?"

"ನದಿ ಹುಟ್ಟೋದು ನೋಡ್ದೆ ರೀ. ಏಳಿ, ನೀವೂ ಬನ್ನಿ."

ಹೆಂಡತಿಯ ಕಣ್ಣಲ್ಲಿ ನೀರು ನಿಂತಿದ್ದು ಕಂಡು ಚಕ್ರಪಾಣಿ ಶಲ್ಯ ಹೆಗಲಿಗೇರಿಸಿದರು. ಆಮೇಲಿನ ವರ್ಷಗಳಲ್ಲಿ ಬೆಳಗಾದರೆ ಇಬ್ಬರೂ ಆ ಮೆಟ್ಟಿಲ ಮೇಲೆ ಕೂತು, ಸುಮ್ಮನೆ ನೀರಿನ ಸದ್ದು ಕೇಳಿ ಬರುತ್ತಿದ್ದರು.